ಮಿದುಳಿಗೂ ಒಂದು ಬೆಳವಣಿಗೆ ಪಟ್ಟಿ

‘ಸ್ಕ್ಯಾನ್ ನಾರ್ಮಲ್ ಇದೆ, ಗಾಬರಿ ಬೇಡ.’ ಮಗುವಿಗೆ ಪಿಟ್ಸ್ ಬಂತೆಂದೋ, ಅಜ್ಜ ತಲೆ ಸುತ್ತಿ ಬಿದ್ದರೆಂದೋ ಆಸ್ಪತ್ರೆಗೆ ಓಡಿಬಂದ ಮನೆಯವರಿಗೆ ಈ ಮಾತು ಕಿವಿಗೆ ಬಿದ್ದಾಗ ಹೋದ ಜೀವ ಬಂದಂತಾಗುತ್ತದೆ. ವೈದ್ಯರು ಹೇಳಿದ್ದು ನಿಜ. ಗೆಡ್ಡೆ ಇಲ್ಲ, ರಕ್ತಸ್ರಾವ ಇಲ್ಲ, ಸೋಂಕಿನ ಗುರುತಿಲ್ಲ. ಆದರೆ ಅದೇ ಚಿತ್ರವನ್ನು ಮುಂದಿಟ್ಟುಕೊಂಡು ಇನ್ನೊಂದು ಪ್ರಶ್ನೆ ಕೇಳಬಹುದು: ಈ ವಯಸ್ಸಿಗೆ ಮಿದುಳು ಎಷ್ಟು ಬೆಳೆದಿರಬೇಕಿತ್ತೋ ಅಷ್ಟು ಬೆಳೆದಿದೆಯೇ? ಸವೆಯುವುದಾದರೆ, ಸವೆಯಬೇಕಾದಷ್ಟೇ ಸವೆದಿದೆಯೇ? ತೀರಾ ಇತ್ತೀಚಿನವರೆಗೂ ಈ ಪ್ರಶ್ನೆಗೆ ಎಲ್ಲ ವಯಸ್ಸಿಗೂ ಉತ್ತರ ಕೊಡಬಲ್ಲ ಅಳತೆಗೋಲು ಇರಲಿಲ್ಲ.

ಅಂಗನವಾಡಿಯಲ್ಲಿ ಮಗುವನ್ನು ತೂಗಿ ತಾಯಿ ಕಾರ್ಡಿನ ಗೆರೆಗಳ ನಡುವೆ ಚುಕ್ಕೆ ಇಡುತ್ತಾರೆ. ಚುಕ್ಕೆ ಹಸಿರು ಪಟ್ಟಿಯಲ್ಲಿದ್ದರೆ ಸಮಾಧಾನ, ಕೆಂಪಿಗೆ ಇಳಿದರೆ ಎಚ್ಚರಿಕೆ. ಅಂಥದೇ ಒಂದು ಪಟ್ಟಿಯನ್ನು ಮಿದುಳಿಗೂ ಮಾಡುವ ಮೊದಲ ದೊಡ್ಡ ಪ್ರಯತ್ನ 2022ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇಂಬ್ರಿಜ್‌ನ ರಿಚರ್ಡ್ ಬೆತ್ಲೆಹೆಮ್ ಮತ್ತು ಅಮೆರಿಕದ ಜೇಕಬ್ ಸೈಡ್ಲಿಟ್ಜ್ ಮುಂದಾಳುತನದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಒಂದು ಲಕ್ಷಕ್ಕೂ ಹೆಚ್ಚು ಜನರ 1,23,984 ಎಂಆರ್‌ಐ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದರು. ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದ ಶಿಶುವಿನಿಂದ ಹಿಡಿದು ನೂರು ವರ್ಷದ ಹಿರಿಯರವರೆಗೆ ಎಲ್ಲ ವಯಸ್ಸಿನವರೂ ಅದರಲ್ಲಿದ್ದರು.

ಅಲ್ಲಿ ಕಂಡ ಅಂಕಿಗಳು ನಿಧಾನವಾಗಿ ಓದಿಕೊಳ್ಳಬೇಕಾದಂಥವು. ಮಿದುಳಿನ ಹೊರಪದರದ ದಪ್ಪ ಸುಮಾರು 1.7ನೇ ವಯಸ್ಸಿಗೇ ತುದಿ ಮುಟ್ಟುತ್ತದೆ. ನರಕೋಶಗಳು ಒತ್ತಾಗಿರುವ ಬೂದು ದ್ರವ್ಯದ ಒಟ್ಟು ಗಾತ್ರ ಆರು ವರ್ಷ ತುಂಬುವ ಹೊತ್ತಿಗೆ, ಅಂದರೆ ಮಗು ಒಂದನೇ ತರಗತಿಯ ಬೆಂಚಿನ ಮೇಲೆ ಕೂರುವ ಹೊತ್ತಿಗೆ, ಗರಿಷ್ಠಕ್ಕೆ ಬಂದು ಅಲ್ಲಿಂದಾಚೆ ಮೆಲ್ಲಗೆ ಇಳಿಯತೊಡಗುತ್ತದೆ. ದೂರದೂರದ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಎಳೆಗಳಿಂದಾದ ಬಿಳಿ ದ್ರವ್ಯ ಮಾತ್ರ ಬೆಳೆಯುತ್ತಲೇ ಹೋಗಿ 28.7ನೇ ವಯಸ್ಸಿಗೆ ತುದಿ ತಲುಪುತ್ತದೆ. ಶಾಲೆಗೆ ಸೇರಿಸುವ ಮೊದಲೇ ಒಂದು ದೊಡ್ಡ ಘಟ್ಟ ಮುಗಿದಿರುತ್ತದೆ. ಓದು ಮುಗಿಸಿ ಕೆಲಸಕ್ಕೆ ಸೇರಿ ಕೆಲವು ವರ್ಷ ಕಳೆದ ಮೇಲೂ ಇನ್ನೊಂದು ಘಟ್ಟ ನಡೆದೇ ಇರುತ್ತದೆ. ಮಿದುಳಿನ ಆರೋಗ್ಯದ ವಿಚಾರದಲ್ಲಿ ನಮ್ಮ ಸರ್ಕಾರಗಳೂ ನಾವೂ ಎಲ್ಲಿ ದುಡ್ಡು, ಗಮನ ಹಾಕಬೇಕು ಎಂಬ ಪ್ರಶ್ನೆಗೆ ಈ ವಯಸ್ಸುಗಳಲ್ಲೇ ಅರ್ಧ ಉತ್ತರವಿದೆ. ಉಳಿದರ್ಧಕ್ಕೆ ಇಮೇಜಿಂಗ್ ಸಂಶೋಧನೆ ಇಷ್ಟು ವರ್ಷಗಳಲ್ಲಿ ಏನನ್ನು ಗಟ್ಟಿಯಾಗಿ ತೋರಿಸಿದೆ, ಎಲ್ಲಿ ಎಡವಿದೆ ಎಂಬುದನ್ನು ನೋಡಬೇಕು.

ಯಂತ್ರ ನೋಡುವುದು ಏನನ್ನು?

1971ರಲ್ಲಿ ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆಯಿತು. ತಲೆಬುರುಡೆ ತೆರೆಯದೆ ಒಳಗನ್ನು ಪದರ ಪದರವಾಗಿ ನೋಡುವುದು ಅಲ್ಲಿಂದ ಸಾಧ್ಯವಾಯಿತು. ಸಿ.ಟಿ. ಎಕ್ಸ್‌ರೇ ಬಳಸುತ್ತದೆ. ಎಂಆರ್‌ಐ ಹಾಗಲ್ಲ, ಬಲವಾದ ಅಯಸ್ಕಾಂತದ ನಡುವೆ ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳನ್ನು ರೇಡಿಯೊ ತರಂಗದಿಂದ ಕದಲಿಸಿ, ಅವು ಮತ್ತೆ ನೆಲೆಗೆ ಬರುವಾಗ ಹೊಮ್ಮುವ ಸಂಕೇತದಿಂದ ಚಿತ್ರ ಕಟ್ಟುತ್ತದೆ. ವಿಕಿರಣದ ಭಯವಿಲ್ಲದ್ದರಿಂದ ಆರೋಗ್ಯವಂತ ಮಕ್ಕಳನ್ನೂ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಬೆಳವಣಿಗೆ ಗಮನಿಸಬಹುದು. ಈ ಲೇಖನದಲ್ಲಿ ಬರುವ ಬಹುಪಾಲು ಸಂಶೋಧನೆಗೆ ದಾರಿಯಾದದ್ದು ಇದೇ.

1990ರ ಸುಮಾರಿಗೆ ಜಪಾನ್ ಮೂಲದ ಸೇಜಿ ಒಗಾವ ಇನ್ನೊಂದು ಬಾಗಿಲು ತೆರೆದರು. ಆಮ್ಲಜನಕ ಹೊತ್ತ ರಕ್ತವೂ ಅದನ್ನು ಬಿಟ್ಟುಕೊಟ್ಟ ರಕ್ತವೂ ಅಯಸ್ಕಾಂತದೆದುರು ಬೇರೆಬೇರೆಯಾಗಿ ವರ್ತಿಸುತ್ತವೆ. ಕೆಲಸ ಮಾಡುವ ಭಾಗಕ್ಕೆ ರಕ್ತ ಹೆಚ್ಚು ಹರಿಯುವುದರಿಂದ ಆ ವ್ಯತ್ಯಾಸವನ್ನು ಹಿಡಿದರೆ ಯಾವ ಭಾಗ ಚುರುಕಾಗಿದೆ ಎಂದು ಊಹಿಸಬಹುದು. ಎಫ್‌ಎಂಆರ್‌ಐ ಎಂದರೆ ಇದು. ಪತ್ರಿಕೆಗಳಲ್ಲಿ ಕೆಂಪು, ಹಳದಿಯಾಗಿ ಬೆಳಗುವ ಮಿದುಳಿನ ಚಿತ್ರ ನೋಡುವಾಗ ಎರಡು ಸಂಗತಿ ನೆನಪಿರಲಿ. ಆ ಬಣ್ಣವನ್ನು ಲೆಕ್ಕಾಚಾರ ಮಾಡಿ ಮೇಲೆ ಬಳಿದಿರುತ್ತಾರೆ. ಮಿದುಳಿನೊಳಗೆ ಏನೂ ಬೆಳಗುವುದಿಲ್ಲ. ರಕ್ತದ ಹರಿವು ನರಕೋಶದ ಚಟುವಟಿಕೆಗಿಂತ ನಾಲ್ಕೈದು ಸೆಕೆಂಡು ಹಿಂದಿರುತ್ತದೆ, ಮತ್ತು ಚಿತ್ರದ ಒಂದೊಂದು ಚುಕ್ಕೆಯಲ್ಲೂ ಲಕ್ಷಾಂತರ ನರಕೋಶಗಳಿರುತ್ತವೆ. ‘ವಿಜ್ಞಾನಿಗಳು ಮನಸ್ಸಿನ ಯೋಚನೆ ಓದಿದರು’ ಎಂಬ ತಲೆಬರಹಗಳನ್ನು ನಂಬುವ ಮೊದಲು ಇಷ್ಟು ತಿಳಿದಿದ್ದರೆ ಸಾಕು.

ಕಡಿಮೆಯಾಗುತ್ತ ಬೆಳೆಯುವುದು

ಎಂಆರ್‌ಐ ಮೊದಲು ಬುಡಮೇಲು ಮಾಡಿದ್ದು ‘ಐದಾರು ವರ್ಷಕ್ಕೆ ಮಿದುಳು ಮುಗಿದುಹೋಯಿತು’ ಎಂಬ ಹಳೆಯ ನಂಬಿಕೆಯನ್ನು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜೇ ಗೀಡ್ ಅವರ ತಂಡ ಅದೇ ಮಕ್ಕಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಸ್ಕ್ಯಾನ್ ಮಾಡಿ 1999ರಲ್ಲಿ ಫಲಿತಾಂಶ ಪ್ರಕಟಿಸಿತು. ಹಣೆಯ ಹಿಂದಿನ ಭಾಗದಲ್ಲಿ ಬೂದು ದ್ರವ್ಯ ಹೆಣ್ಣುಮಕ್ಕಳಲ್ಲಿ ಸುಮಾರು 11ನೇ, ಗಂಡುಮಕ್ಕಳಲ್ಲಿ ಸುಮಾರು 12ನೇ ವಯಸ್ಸಿನವರೆಗೆ ಹೆಚ್ಚಿ, ಹದಿಹರೆಯದಲ್ಲಿ ಇಳಿಯುವುದು ಕಂಡುಬಂತು. ಮಿದುಳಿನ ಎಲ್ಲ ಭಾಗಕ್ಕೂ ಒಂದೇ ವೇಳಾಪಟ್ಟಿ ಇಲ್ಲ ಎಂಬುದು ಆಗ ಸ್ಪಷ್ಟವಾಯಿತು. ಇಳಿಕೆ ಎಂದ ಕೂಡಲೇ ನಷ್ಟ ಎಂದುಕೊಳ್ಳಬೇಕಿಲ್ಲ. ಬಳಕೆಯಾಗದ ಸಂಪರ್ಕಗಳು ಕಳಚಿಕೊಳ್ಳುತ್ತವೆ, ಉಳಿದವುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಬಂದು ಸಂದೇಶ ವೇಗವಾಗಿ ಸಾಗುತ್ತದೆ. ತಾಳ್ಮೆ, ಮುಂದಾಲೋಚನೆ, ಆಸೆಯನ್ನು ಹಿಡಿದಿಡುವ ಶಕ್ತಿ ಇವುಗಳಿಗೆ ಬೇಕಾದ ಮುಂಭಾಗ ಕೊನೆಗೆ ಹದಕ್ಕೆ ಬರುತ್ತದೆ.

ಇದನ್ನು ಹಿಡಿದುಕೊಂಡು ‘ಮಿದುಳು 25ಕ್ಕೆ ಪೂರ್ತಿಯಾಗುತ್ತದೆ’ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅಂಥ ಗಡಿರೇಖೆಯನ್ನು ಯಾವ ಸಂಶೋಧನೆಯೂ ಎಳೆದಿಲ್ಲ. 2025ರ ನವೆಂಬರ್‌ನಲ್ಲಿ ಕೇಂಬ್ರಿಜ್‌ನ ಅಲೆಕ್ಸಾ ಮೌಸ್ಲಿ ಮತ್ತು ಸಂಗಡಿಗರು ನಾಲ್ಕು ಸಾವಿರದಷ್ಟು ಜನರ ಸ್ಕ್ಯಾನ್‌ಗಳಿಂದ ಮಿದುಳಿನ ಜಾಲ ತಿರುವು ಪಡೆಯುವ ವಯಸ್ಸುಗಳನ್ನು ಲೆಕ್ಕಹಾಕಿದಾಗ ಸಿಕ್ಕಿದ್ದು 9, 32, 66 ಮತ್ತು 83. ಇವೂ ಸರಾಸರಿಗಳೇ. ನಮ್ಮ ಮನೆಗಳಲ್ಲಿ ಇದರಿಂದ ಕಲಿಯಬೇಕಾದ್ದು ಸಣ್ಣದು, ಆದರೆ ಬೆಲೆಯುಳ್ಳದ್ದು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಕೈಗೆ ಬರುವ ಹೊತ್ತಿಗೆ ಮಗುವಿನ ಮಿದುಳು ಇನ್ನೂ ದಾರಿಯ ನಡುವೆ ಇದೆ. ಆ ಅಂಕಗಳನ್ನು ನೋಡಿ ‘ಇವನ ತಲೆ ಇಷ್ಟೇ’ ಎಂದು ತೀರ್ಪು ಕೊಡುವುದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ.

ಹಸುಗೂಸುಗಳನ್ನು ಸ್ಕ್ಯಾನ್ ಮಾಡುವುದು ಎಷ್ಟು ಕಷ್ಟದ ಕೆಲಸ ಎಂಬುದೂ ಹೇಳಲೇಬೇಕಾದ ಸಂಗತಿ. ಎಂಆರ್‌ಐ ಸುರಂಗದೊಳಗೆ ಬಡಿಯುವ, ಕೊರೆಯುವ ಸದ್ದು ದೊಡ್ಡವರಿಗೇ ತಡೆಯಲಾಗದು. ತಲೆ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಮಸುಕಾಗುತ್ತದೆ. ಸಂಶೋಧನೆಗಾಗಿ ಮಗುವಿಗೆ ಮತ್ತುಬರುವ ಮದ್ದು ಕೊಡುವುದು ಸರಿಯಲ್ಲ. ಹಾಗಾಗಿ ಮಗು ಎಂದಿನಂತೆ ನಿದ್ದೆ ಮಾಡುವ ಹೊತ್ತಿಗೇ ತಾಯಿಯನ್ನು ಬರಹೇಳುತ್ತಾರೆ. ಹೊಟ್ಟೆ ತುಂಬ ಹಾಲು ಕುಡಿಸಿ, ಬಾಣಂತಿ ಕೋಣೆಯಲ್ಲಿ ಸುತ್ತುವ ಹಾಗೆಯೇ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿವಿಗೆ ಮೆತ್ತನೆಯ ಮುಚ್ಚಿಗೆ ಹಾಕಿ ಮಲಗಿಸುತ್ತಾರೆ. ನಿದ್ದೆ ಹತ್ತಿದರೆ ಸ್ಕ್ಯಾನ್, ಎಚ್ಚರವಾದರೆ ಆ ದಿನ ಅಷ್ಟಕ್ಕೇ ನಿಂತಿತು. ನಾಲ್ಕೈದು ವರ್ಷದ ಮಕ್ಕಳಿಗೆ ಅಯಸ್ಕಾಂತವಿಲ್ಲದ ಅಣಕು ಯಂತ್ರದೊಳಗೆ ಮಲಗಿ ಅಲುಗದೆ ಇರುವುದನ್ನು ಆಟದಂತೆ ಕಲಿಸುತ್ತಾರೆ. ಶಿಶುಗಳ ಮಿದುಳಿನ ಬಗ್ಗೆ ನಮಗಿರುವ ಒಂದೊಂದು ಚಿತ್ರದ ಹಿಂದೆಯೂ ಇಂಥ ಸಹನೆಯಿದೆ.

ಬುಕಾರೆಸ್ಟ್‌ನ ಮಕ್ಕಳು

ಬಾಲ್ಯದ ಪರಿಸರ ಮಿದುಳನ್ನು ರೂಪಿಸುತ್ತದೆ ಎಂದು ಯಾರು ಬೇಕಾದರೂ ಹೇಳಿಯಾರು. ಪರಿಸರವೇ ಕಾರಣ, ಬೇರೇನೂ ಅಲ್ಲ ಎಂದು ಸಾಧಿಸುವುದು ಕಷ್ಟ. ಅದಕ್ಕೆ ಅತ್ಯಂತ ಹತ್ತಿರ ಬಂದ ಅಧ್ಯಯನ ನಡೆದದ್ದು ರೊಮೇನಿಯಾದಲ್ಲಿ.

ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿ, ಹೆಚ್ಚು ಹೆರುವಂತೆ ಹೆಂಗಸರ ಮೇಲೆ ಒತ್ತಡ ಹೇರಿದ. ಸಾಕಲಾಗದ ಮನೆಗಳಿಂದ ಮಕ್ಕಳು ಸರ್ಕಾರಿ ಅನಾಥಾಲಯ ಸೇರಿದರು. 1989ರಲ್ಲಿ ಅವನ ಆಡಳಿತ ಉರುಳಿದಾಗ ಅಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅನ್ನ, ಸೂರು ಇತ್ತು. ಎತ್ತಿಕೊಂಡು ಮಾತಾಡಿಸುವವರು, ಅತ್ತಾಗ ಓಡಿ ಬರುವ ಒಂದೇ ಗುರುತಿನ ಮುಖ ಇರಲಿಲ್ಲ. 2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಜೀನಾ ಬುಕಾರೆಸ್ಟ್‌ನ ಆರು ಸಂಸ್ಥೆಗಳಿಂದ 136 ಮಕ್ಕಳನ್ನು ಆಯ್ದುಕೊಂಡರು. ಚೀಟಿ ಎತ್ತಿದಂತೆ ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು, ಉಳಿದವರು ಸಂಸ್ಥೆಯ ಆರೈಕೆಯಲ್ಲೇ ಮುಂದುವರಿದರು. ಸಾಕುಮನೆಯ ವ್ಯವಸ್ಥೆಯೇ ಅಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ಸಂಶೋಧಕರೇ ಅದನ್ನು ಕಟ್ಟಿದರು. ಹಾಗಿದ್ದರೂ ಉಳಿದರ್ಧ ಮಕ್ಕಳ ವಿಷಯದಲ್ಲಿ ಇದು ನ್ಯಾಯವೇ ಎಂಬ ಚರ್ಚೆ ಇವತ್ತಿಗೂ ನಿಂತಿಲ್ಲ, ನಿಲ್ಲಲೂಬಾರದು.

ಆ ಮಕ್ಕಳು ಎಂಟರಿಂದ ಹನ್ನೊಂದು ವರ್ಷದವರಾದಾಗ ತೆಗೆದ ಎಂಆರ್‌ಐ ಚಿತ್ರಗಳ ಫಲಿತಾಂಶ 2012ರಲ್ಲಿ ಬಂತು. ಸಂಸ್ಥೆಯಲ್ಲಿ ಕಾಲ ಕಳೆದ ಎಲ್ಲರಲ್ಲೂ, ಆಮೇಲೆ ಸಾಕುಮನೆಗೆ ಹೋದವರಲ್ಲೂ ಸೇರಿ, ಬೂದು ದ್ರವ್ಯದ ಗಾತ್ರ ಸಾಮಾನ್ಯ ಮನೆಗಳ ಮಕ್ಕಳಿಗಿಂತ ಕಡಿಮೆಯಿತ್ತು. ಬಿಳಿ ದ್ರವ್ಯದ ಕಥೆ ಬೇರೆ. ಸಂಸ್ಥೆಯಲ್ಲೇ ಉಳಿದವರಲ್ಲಿ ಅದು ಕುಗ್ಗಿತ್ತು, ಸಾಕುಮನೆಗೆ ಹೋದವರಲ್ಲಿ ಸಾಮಾನ್ಯ ಮಕ್ಕಳಿಗೆ ಹತ್ತಿರವಾಗಿತ್ತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಮಕ್ಕಳ ಮಿದುಳಿನ ವಿದ್ಯುತ್ ಚಟುವಟಿಕೆ ಎಂಟನೇ ವಯಸ್ಸಿಗೆ ಸಾಮಾನ್ಯ ಮಕ್ಕಳದ್ದರಂತೆಯೇ ಇತ್ತು. ಒಂದು ನಷ್ಟ ಉಳಿದುಬಿಟ್ಟಿತು, ಇನ್ನೊಂದು ಚೇತರಿಸಿತು. ಚೇತರಿಕೆಗೆ ಬೇಗ ಸಿಕ್ಕ ಮಡಿಲು ಕಾರಣವಾಯಿತು. ಇಡೀ ಕ್ಷೇತ್ರದಲ್ಲಿ ಇಷ್ಟು ಮನಕಲಕುವ, ಇಷ್ಟು ಗಟ್ಟಿಯಾದ ಇನ್ನೊಂದು ಅಧ್ಯಯನ ನನಗೆ ಗೊತ್ತಿಲ್ಲ.

ಬಡತನದ ಬಗ್ಗೆ ಇಷ್ಟು ಖಚಿತವಾಗಿ ಹೇಳಲಾಗುತ್ತಿಲ್ಲ. 2015ರಲ್ಲಿ ಕಿಂಬರ್ಲಿ ನೋಬಲ್ ಅವರ ತಂಡ ಅಮೆರಿಕದ 1,099 ಮಕ್ಕಳು, ಹರೆಯದವರನ್ನು ನೋಡಿ, ಕುಟುಂಬದ ಆದಾಯ ಕಡಿಮೆಯಾದಷ್ಟೂ ಮಿದುಳಿನ ಹೊರಪದರದ ವಿಸ್ತೀರ್ಣ ಕಡಿಮೆ, ಅದರಲ್ಲೂ ತೀರಾ ಬಡ ಕುಟುಂಬಗಳಲ್ಲಿ ಈ ವ್ಯತ್ಯಾಸ ತೀವ್ರ ಎಂದು ತೋರಿಸಿತು. ಹಾಗಾದರೆ ದುಡ್ಡು ಕೊಟ್ಟರೆ ಬದಲಾದೀತೇ? ಅದನ್ನೇ ಪರೀಕ್ಷಿಸಲು ಸಾವಿರ ಬಡ ಬಾಣಂತಿಯರಲ್ಲಿ ಕೆಲವರಿಗೆ ತಿಂಗಳಿಗೆ 333 ಡಾಲರ್, ಉಳಿದವರಿಗೆ 20 ಡಾಲರ್ ಕೊಡುವ ಪ್ರಯೋಗ ನಡೆಯಿತು. ಒಂದು ವರ್ಷದ ಕೂಸುಗಳ ಮಿದುಳಿನ ತರಂಗಗಳಲ್ಲಿ ವ್ಯತ್ಯಾಸ ಕಾಣಿಸಿ 2022ರಲ್ಲಿ ದೊಡ್ಡ ಸುದ್ದಿಯಾಯಿತು. ನಾಲ್ಕನೇ ವಯಸ್ಸಿನ ಅಳತೆಯಲ್ಲಿ ಆ ವ್ಯತ್ಯಾಸ ಸಿಗಲಿಲ್ಲ. ಮೊದಲ ಸುದ್ದಿಗೆ ಸಿಕ್ಕ ಜಾಗ ಎರಡನೆಯದಕ್ಕೆ ಸಿಗಲಿಲ್ಲ ಎಂಬುದು ಬೇಸರದ ಸಂಗತಿ. ಆದರೆ ಇದನ್ನೇ ಹಿಡಿದು ಬಡವರಿಗೆ ನೆರವು ದಂಡ ಎನ್ನುವವರೂ ತಪ್ಪುತ್ತಾರೆ. ಬಡ ತಾಯಿಗೆ ದುಡ್ಡು ಏಕೆ ಬೇಕು ಎಂಬುದಕ್ಕೆ ಮಿದುಳಿನ ಸ್ಕ್ಯಾನ್ ಸಾಕ್ಷಿ ಹೇಳಬೇಕಾಗಿಲ್ಲ.

ಢಾಕಾದ ಮೀರ್‌ಪುರ ಕೊಳೆಗೇರಿಗಳ ಮಕ್ಕಳಲ್ಲಿ ನಡೆದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳ ಬೂದು ದ್ರವ್ಯದ ಗಾತ್ರವೂ ಕಡಿಮೆಯಿರುವುದನ್ನು ಅದು ಕಂಡಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರರಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ನೂರರಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಬೆಳೆಯುವ ಮಿದುಳಿಗೆ, ಅದರಲ್ಲೂ ಮೈಲಿನ್ ಹೊದಿಕೆ ಮೂಡಲು, ಕಬ್ಬಿಣಾಂಶ ಬೇಕೇಬೇಕು. ಮೇಲೆ ಹೇಳಿದ ಒಂದೂಮುಕ್ಕಾಲು ವರ್ಷ, ಆರು ವರ್ಷದ ಗಡುವುಗಳನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಿದರೆ ಅಂಗನವಾಡಿಯ ಮೊಟ್ಟೆ, ಹಾಲು, ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ ಇವೆಲ್ಲ ಮಿದುಳಿನ ಆರೋಗ್ಯ ಯೋಜನೆಗಳೇ ಎಂಬುದು ಅರ್ಥವಾಗುತ್ತದೆ.

ಬೆಳೆದ ಮೇಲೂ ಬದಲಾಗುವುದು

ದೊಡ್ಡವರ ಮಿದುಳು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ ಎಂಬ ತಿಳಿವಳಿಕೆಯನ್ನು ಅಲುಗಿಸಿದ್ದು ಲಂಡನ್ನಿನ ಟ್ಯಾಕ್ಸಿ ಚಾಲಕರು. ಲೈಸೆನ್ಸ್‌ಗಾಗಿ ಅವರು ನಗರದ ಸಾವಿರಾರು ಬೀದಿಗಳನ್ನು ವರ್ಷಗಟ್ಟಲೆ ಓದಿ ಬಾಯಿಪಾಠ ಮಾಡಬೇಕು. 2000ದಲ್ಲಿ ಎಲೀನರ್ ಮಗ್ವೈರ್ 16 ಚಾಲಕರನ್ನು ಸ್ಕ್ಯಾನ್ ಮಾಡಿ, ದಾರಿ ಮತ್ತು ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಹಿಂಭಾಗ ಅವರಲ್ಲಿ ದೊಡ್ಡದಿರುವುದನ್ನು ಕಂಡರು. ಹುಟ್ಟಿನಿಂದಲೇ ದೊಡ್ಡದಿದ್ದವರೇ ಈ ಕೆಲಸಕ್ಕೆ ಬಂದಿರಬಹುದಲ್ಲ? ಪ್ರಶ್ನೆ ಸರಿಯಾದದ್ದೇ. ಅವರು ಅಷ್ಟಕ್ಕೆ ಬಿಡದೆ 79 ಕಲಿಕೆಯವರನ್ನು ತರಬೇತಿಯ ಮೊದಲೂ ಆಮೇಲೂ ಸ್ಕ್ಯಾನ್ ಮಾಡಿ 2011ರಲ್ಲಿ ಉತ್ತರ ಕೊಟ್ಟರು: ಪರೀಕ್ಷೆ ಪಾಸಾದ 39 ಜನರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು.

ಲಖನೌ ಬಳಿಯ ಹಳ್ಳಿಗಳಲ್ಲಿ ನಡೆದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಪ್ರಿಯವಾದದ್ದು. ಅಕ್ಷರ ಗೊತ್ತಿಲ್ಲದ ವಯಸ್ಕರು, ಹೆಚ್ಚಿನವರು ಹೆಂಗಸರು, ಆರು ತಿಂಗಳು ದೇವನಾಗರಿ ಕಲಿತರು. ಮೊದಲೂ ಕೊನೆಗೂ ಎಂಆರ್‌ಐ ಮಾಡಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬದಲಾವಣೆ ಹೊರಪದರಕ್ಕಷ್ಟೇ ನಿಲ್ಲದೆ ಥಾಲಮಸ್, ಮಿದುಳುಕಾಂಡದಂಥ ಆಳದ ಭಾಗಗಳವರೆಗೆ ಕಂಡಿತು. ಓದು ಕಲಿತವರು 21 ಮಂದಿ ಮಾತ್ರ. ದೊಡ್ಡ ಗುಂಪಿನಲ್ಲಿ ಇದು ಮತ್ತೆ ಸಾಬೀತಾಗಬೇಕು. ಹಾಗಿದ್ದೂ ‘ಈ ವಯಸ್ಸಿನಲ್ಲಿ ಅಕ್ಷರ ತಲೆಗೆ ಹತ್ತೀತೇ’ ಎನ್ನುವವರೆದುರು ಇಡಬಹುದಾದ ಮಾತಿದು.

ಮೊದಲೂ ಆಮೇಲೂ ನೋಡುವ ಇದೇ ಮಾನದಂಡವನ್ನು ವೇದ ಪಂಡಿತರ ಮೇಲೆ ನಡೆದ ಅಧ್ಯಯನಕ್ಕೂ ಅನ್ವಯಿಸಬೇಕು. 2016ರಲ್ಲಿ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಹಾರ್ಟ್ಜೆಲ್, ನಂದಿನಿ ಚಟರ್ಜಿ ಸಿಂಗ್ ಮೊದಲಾದವರು 21 ಪಂಡಿತರ ಮಿದುಳಿನಲ್ಲಿ ನೆನಪು, ಭಾಷೆಗೆ ಸಂಬಂಧಿಸಿದ ಭಾಗಗಳಲ್ಲಿ ಬೂದು ದ್ರವ್ಯ ಹೆಚ್ಚಿರುವುದನ್ನು ಕಂಡರು. ಮಂತ್ರ ಪಠಿಸಿದರೆ ಬುದ್ಧಿ ಬೆಳೆಯುತ್ತದೆ ಎಂದು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದವರು ಗಮನಿಸದೆ ಬಿಟ್ಟ ಸಂಗತಿ ಒಂದಿದೆ. ಪಂಡಿತರನ್ನು ಸ್ಕ್ಯಾನ್ ಮಾಡಿದ್ದು ವರ್ಷಾನುಗಟ್ಟಲೆ ಕಲಿತಾದ ಮೇಲೆ ಮಾತ್ರ. ಮೊದಲಿನ ಚಿತ್ರವಿಲ್ಲ. ಕಲಿಕೆಯಿಂದ ಬದಲಾಯಿತೋ, ಮೊದಲೇ ಹಾಗಿತ್ತೋ ಎಂದು ಹೇಳಲು ಚಾಲಕರ ಎರಡನೇ ಅಧ್ಯಯನದಂಥದ್ದು ಬೇಕು.

ಮೊದಲು, ಆಮೇಲೆ, ನಡುನಡುವೆ ಎಲ್ಲವನ್ನೂ ಹಿಡಿದ ಒಂದು ಅಪರೂಪದ ಕೆಲಸ 2024ರಲ್ಲಿ ಬಂತು. ನರವಿಜ್ಞಾನಿ ಎಲಿಜಬೆತ್ ಕ್ರಾಸ್ಟಿಲ್ ಗರ್ಭ ಧರಿಸುವ ಕೆಲವು ವಾರ ಮೊದಲಿನಿಂದ ಹೆರಿಗೆಯಾಗಿ ಎರಡು ವರ್ಷದವರೆಗೆ 26 ಬಾರಿ ತಮ್ಮದೇ ಮಿದುಳನ್ನು ಸ್ಕ್ಯಾನ್‌ಗೆ ಒಪ್ಪಿಸಿದರು. ತಿಂಗಳು ತುಂಬುತ್ತ ಹೋದಂತೆ ಬೂದು ದ್ರವ್ಯ ಬಹುತೇಕ ಎಲ್ಲ ಕಡೆ ಕಡಿಮೆಯಾಯಿತು; ಬಿಳಿ ದ್ರವ್ಯದ ಎಳೆಗಳು ಆರನೇ ತಿಂಗಳ ಆಸುಪಾಸಿನಲ್ಲಿ ಬಲಗೊಂಡು ಹೆರಿಗೆಯ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಮರಳಿದವು. ಹದಿಹರೆಯದ ಹಾಗೆ ಇದೂ ಒಂದು ಮರುಜೋಡಣೆ ಇರಬೇಕೆಂದು ಸಂಶೋಧಕರು ಭಾವಿಸುತ್ತಾರೆ. ಕೋಟ್ಯಂತರ ಹೆಂಗಸರು ಹಾದುಹೋಗುವ ಘಟ್ಟವೊಂದರ ಪೂರ್ಣ ಚಿತ್ರ ಸಿಗಲು ಎಂಆರ್‌ಐ ಬಂದು ನಾಲ್ಕು ದಶಕ ಕಾಯಬೇಕಾಯಿತು. ವಿಜ್ಞಾನ ಯಾರನ್ನು ನೋಡಲು ಮರೆತಿತ್ತು ಎಂಬುದನ್ನೂ ಇದು ಹೇಳುತ್ತದೆ.

ನಂಬಿಕೆಗೆ ಬಿದ್ದ ಪೆಟ್ಟುಗಳು

ಸಂಶೋಧಕ ಕ್ರೇಗ್ ಬೆನೆಟ್ 2009ರಲ್ಲಿ ಸತ್ತ ಸಾಮನ್ ಮೀನೊಂದನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಮನುಷ್ಯರ ಫೋಟೊಗಳನ್ನು ತೋರಿಸಿ, ಆಗ ಚಾಲ್ತಿಯಲ್ಲಿದ್ದ ಒಂದು ಸಡಿಲ ಲೆಕ್ಕದ ಪ್ರಕಾರ ಅದರ ಮಿದುಳಿನಲ್ಲಿ ‘ಚಟುವಟಿಕೆ’ ತೋರಿಸಿದರು. ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಆಕಸ್ಮಿಕವಾಗಿ ಕೆಲವು ಎದ್ದು ಕಾಣುತ್ತವೆ, ಅದನ್ನು ತಿದ್ದದೆ ಬಿಟ್ಟರೆ ಸತ್ತ ಮೀನೂ ಯೋಚಿಸುತ್ತದೆ ಎಂಬುದು ಅವರ ಗಂಭೀರ ವಾದ. 2020ರಲ್ಲಿ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು ಒಂಬತ್ತು ಪ್ರಶ್ನೆಗಳಿಗೆ ಉತ್ತರ ಕೇಳಿದಾಗ ಹಲವಕ್ಕೆ ತಂಡಗಳು ಒಮ್ಮತಕ್ಕೆ ಬರಲಿಲ್ಲ. ಯಾವ ಎರಡು ತಂಡವೂ ಒಂದೇ ರೀತಿ ಲೆಕ್ಕ ಮಾಡಿರಲಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಮೋಸವಿತ್ತು. ಬೆಳೆದಂತೆ ಮಿದುಳಿನ ಹತ್ತಿರದ ಸಂಪರ್ಕಗಳು ಸಡಿಲವಾಗಿ ದೂರದವು ಬಿಗಿಯಾಗುತ್ತವೆ ಎಂದು ಹಲವು ತಂಡಗಳು ಬರೆದಿದ್ದವು. 2012ರಲ್ಲಿ ಗೊತ್ತಾದದ್ದು, ಚಿಕ್ಕ ಮಕ್ಕಳು ಯಂತ್ರದೊಳಗೆ ಹೆಚ್ಚು ಅಲುಗುತ್ತಾರೆ, ಆ ಅಲುಗಾಟವೇ ಇಂಥ ವಿನ್ಯಾಸವನ್ನು ಹುಟ್ಟಿಸುತ್ತದೆ ಎಂಬುದು. ಆ ತಪ್ಪನ್ನು ಎತ್ತಿ ತೋರಿಸಿದವರಲ್ಲಿ ಮೊದಲು ಹಾಗೆ ಬರೆದಿದ್ದ ತಂಡವೇ ಇತ್ತು. ಈ ಕ್ಷೇತ್ರದ ಮೇಲೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ.

ಕೊನೆಯ ಪೆಟ್ಟು 2022ರದು. ಸ್ಕಾಟ್ ಮಾರೆಕ್ ಮತ್ತು ಸಂಗಡಿಗರು ಸುಮಾರು 50,000 ಜನರ ದತ್ತಾಂಶ ಸೋಸಿ, ಮಿದುಳಿನ ರಚನೆಗೂ ಬುದ್ಧಿಶಕ್ತಿ, ಮಾನಸಿಕ ತೊಂದರೆಗಳಂಥ ಗುಣಗಳಿಗೂ ಇರುವ ನಂಟು ಬಹಳ ಸಣ್ಣದು, ಅದನ್ನು ನಂಬಿಕೆಯಿಂದ ಹಿಡಿಯಲು ಸಾವಿರಾರು ಜನ ಬೇಕು ಎಂದರು. ಅಲ್ಲಿಯವರೆಗಿನ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದವರು 25 ಜನ. ಅದಕ್ಕೇ ಈಗ ದೊಡ್ಡ ಗುಂಪುಗಳ ಕಾಲ: ಅಮೆರಿಕದ 21 ಕೇಂದ್ರಗಳಲ್ಲಿ ಒಂಬತ್ತು ಹತ್ತು ವರ್ಷದ 11,800ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ಹರೆಯದವರೆಗೂ ಹಿಂಬಾಲಿಸುತ್ತಿರುವ ಎಬಿಸಿಡಿ ಅಧ್ಯಯನ, 2025ರಲ್ಲಿ ಒಂದು ಲಕ್ಷ ಜನರ ಸ್ಕ್ಯಾನ್ ಮುಗಿಸಿದ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್.

ಇದರಿಂದ ಪೋಷಕರಿಗೆ ನೇರವಾಗಿ ಹೇಳಬೇಕಾದ್ದಿದೆ. ಆಟಿಸಂ, ಗಮನ ಕೊರತೆ, ಖಿನ್ನತೆ ಇವುಗಳನ್ನು ಸ್ಕ್ಯಾನ್ ನೋಡಿ ಗುರುತಿಸುವ ಪರೀಕ್ಷೆ ಇವತ್ತಿಗೂ ಇಲ್ಲ. ವೈದ್ಯರು ಸ್ಕ್ಯಾನ್ ಬರೆದರೆ ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ‘ಎಡ ಮಿದುಳಿನ ಮಗು, ಬಲ ಮಿದುಳಿನ ಮಗು’ ಎಂಬ ವಿಂಗಡಣೆಗೂ ಆಧಾರವಿಲ್ಲ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯ ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿ ಅಂಥ ಮನುಷ್ಯರಿಲ್ಲ ಎಂದಿತು. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ಕೋರ್ಸ್‌ಗಳು ನಮ್ಮ ಊರುಗಳಲ್ಲೂ ಸಾವಿರಾರು ರೂಪಾಯಿ ಕಿತ್ತವು. ಮಂಗಳೂರಿನ ನರೇಂದ್ರ ನಾಯಕ್ ಅವರು ಅವುಗಳಿಗೆ ಸವಾಲು ಹಾಕಿ, ಮಕ್ಕಳು ಬಟ್ಟೆಯ ಸಂದಿಯಿಂದ ನೋಡುತ್ತಾರಷ್ಟೇ ಎಂದು ಜನರ ಮುಂದೆ ತೋರಿಸುತ್ತ ಬಂದಿದ್ದಾರೆ. ಮಕ್ಕಳಿಗೆ ಸುಳ್ಳು ಹೇಳುವುದನ್ನು ಕಲಿಸಿ ಅದಕ್ಕೆ ವಿಜ್ಞಾನದ ಹೆಸರಿಡುವುದು ದೊಡ್ಡ ಅನ್ಯಾಯ.

ಮರೆವಿಗೆ ಇಪ್ಪತ್ತು ವರ್ಷ ಮೊದಲು

ಇಮೇಜಿಂಗ್ ನಮಗೆ ಕೊಟ್ಟ ಅತಿ ದೊಡ್ಡ ತಿಳಿವಳಿಕೆ ವಯಸ್ಸಾಗುವಿಕೆಯ ಬಗೆಗಿನದು. ಪಿಟ್ಸ್‌ಬರ್ಗ್‌ನ ವಿಜ್ಞಾನಿಗಳು ರೂಪಿಸಿದ ಪದಾರ್ಥವೊಂದು ಅಲ್ಜೈಮರ್‌ನ ಅಮಿಲಾಯ್ಡ್ ಎಂಬ ಪ್ರೋಟೀನಿನ ಜಮೆಯನ್ನು ಪೆಟ್ ಸ್ಕ್ಯಾನ್‌ನಲ್ಲಿ, ಜೀವಂತ ಮಿದುಳಿನಲ್ಲೇ, ತೋರಿಸಿದ ವರದಿ 2004ರಲ್ಲಿ ಬಂತು. ಅಲ್ಲಿಯವರೆಗೆ ಅದು ಮರಣೋತ್ತರ ಪರೀಕ್ಷೆಯಲ್ಲಷ್ಟೇ ಖಚಿತವಾಗುತ್ತಿತ್ತು. ಹೀಗೆ ನೋಡತೊಡಗಿದ ಮೇಲೆ, ಮರೆವು ಕಾಣಿಸುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಜಮೆ ಶುರುವಾಗಿರುತ್ತದೆ ಎಂದು ತಿಳಿಯಿತು. ‘ಅರವತ್ತಾಯಿತು, ಅರಳುಮರಳು’ ಎಂದು ನಾವು ತಳ್ಳಿಹಾಕುವ ಕಾಯಿಲೆಯ ಬೇರು ನಲವತ್ತೈದರಲ್ಲೇ ಇಳಿದಿರಬಹುದು.

ಎಂಆರ್‌ಐ ಚಿತ್ರದಲ್ಲಿ ಕಾಣುವ ಇನ್ನೊಂದು ಗುರುತು ನಮಗೆ ಹೆಚ್ಚು ಉಪಯೋಗದ್ದು. ವಯಸ್ಸಾದವರ ಸ್ಕ್ಯಾನ್‌ನಲ್ಲಿ ಬಿಳಿ ದ್ರವ್ಯದ ನಡುವೆ ಅಲ್ಲಲ್ಲಿ ಮಿನುಗುವ ಮಚ್ಚೆಗಳಿರುತ್ತವೆ. ಅತಿ ಸಣ್ಣ ರಕ್ತನಾಳಗಳು ಹಾಳಾದುದರ ಲಕ್ಷಣ ಅವು. ಹೆಚ್ಚಿದಷ್ಟೂ ಪಾರ್ಶ್ವವಾಯು, ಮರೆವಿನ ಅಪಾಯ ಹೆಚ್ಚು. ಅಮೆರಿಕದ ಸ್ಪ್ರಿಂಟ್ ಮೈಂಡ್ ಪ್ರಯೋಗದಲ್ಲಿ ಕೆಲವರ ಮೇಲಿನ ಬಿ.ಪಿ.ಯನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಮದ್ದು ಕೊಟ್ಟರು. ನಾಲ್ಕು ವರ್ಷದ ಹೊತ್ತಿಗೆ ಮಚ್ಚೆಗಳ ಗಾತ್ರ ಈ ಗುಂಪಿನಲ್ಲಿ 0.92 ಘನ ಸೆಂಟಿಮೀಟರ್ ಹೆಚ್ಚಿತ್ತು, ಇನ್ನೊಂದರಲ್ಲಿ 1.45. ನೆನಪಿನ ಸಣ್ಣ ಮಟ್ಟದ ಕುಸಿತ ನೂರಕ್ಕೆ 19ರಷ್ಟು ಕಡಿಮೆಯಾಯಿತು. ಮಿದುಳಿನ ಒಟ್ಟು ಗಾತ್ರ ಮಾತ್ರ ಕಡಿಮೆ ಬಿ.ಪಿ. ಗುಂಪಿನಲ್ಲೇ ತುಸು ಹೆಚ್ಚು ಕುಗ್ಗಿತ್ತು. ಅದಕ್ಕೆ ಇನ್ನೂ ತೃಪ್ತಿಕರ ವಿವರಣೆ ಸಿಕ್ಕಿಲ್ಲ. ಇಷ್ಟಾದರೂ, ಕೆಲವೇ ರೂಪಾಯಿಯ ಬಿ.ಪಿ. ಮಾತ್ರೆ ಮಿದುಳಿನ ಹಾನಿಯನ್ನು ನಿಧಾನಿಸುವುದು ಚಿತ್ರದಲ್ಲೇ ಕಾಣುತ್ತದೆ ಎಂಬುದು ಸಣ್ಣ ಮಾತಲ್ಲ. ಅಮಿಲಾಯ್ಡ್ ತೆಗೆಯುವ ಹೊಸ ಇಂಜೆಕ್ಷನ್ ಲೆಕಾನೆಮಾಬ್ ಒಂದೂವರೆ ವರ್ಷದಲ್ಲಿ ಕುಸಿತವನ್ನು ನೂರಕ್ಕೆ 27ರಷ್ಟು ನಿಧಾನಿಸಿತು. ಅದು ವಿಪರೀತ ದುಬಾರಿ, ಮಿದುಳಿನಲ್ಲಿ ಊತ, ರಕ್ತಸ್ರಾವ ಆಗಿದೆಯೇ ಎಂದು ನೋಡಲು ಮತ್ತೆ ಮತ್ತೆ ಎಂಆರ್‌ಐ ಮಾಡಿಸುತ್ತಲೇ ಇರಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಯಾವುದು ಮೊದಲು ಬೇಕು ಎಂಬುದರಲ್ಲಿ ನನಗೆ ಗೊಂದಲವಿಲ್ಲ. 2024ರ ಲ್ಯಾನ್ಸೆಟ್ ಆಯೋಗದ ಲೆಕ್ಕದಲ್ಲಿ ಡಿಮೆನ್ಶಿಯಾದ ನೂರಕ್ಕೆ 45ರಷ್ಟು ಪ್ರಕರಣಗಳು 14 ತಿದ್ದಬಹುದಾದ ಕಾರಣಗಳಿಗೆ ಸಂಬಂಧಿಸಿದವು: ಕಡಿಮೆ ಓದು, ಕಿವಿ ಮಂದವಾಗುವುದು, ಬಿ.ಪಿ., ಶುಗರ್, ಧೂಮಪಾನ, ಒಂಟಿತನ, ಕೆಟ್ಟ ಗಾಳಿ ಅವುಗಳಲ್ಲಿ ಕೆಲವು.

ಶ್ರೀನಿವಾಸಪುರದಿಂದ

ಮೊದಲು ಹೇಳಿದ ಬೆಳವಣಿಗೆ ಪಟ್ಟಿಗೆ ಮರಳಿದರೆ ಒಂದು ದೊಡ್ಡ ಕೊರತೆ ಎದುರಾಗುತ್ತದೆ. ಅದರಲ್ಲಿನ ಸ್ಕ್ಯಾನ್‌ಗಳಲ್ಲಿ ಬಹುಪಾಲು ಯೂರೋಪ್, ಉತ್ತರ ಅಮೆರಿಕದವರದು. ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಮಿದುಳಿನ ಮಾದರಿ ನಕ್ಷೆಯೂ ಮಾಂಟ್ರಿಯಲ್‌ನಲ್ಲಿ ತಯಾರಾದದ್ದು. ಹೈದರಾಬಾದಿನ ಐಐಐಟಿಯ ಜಯಂತಿ ಶಿವಸ್ವಾಮಿ ಅವರ ತಂಡ 2019ರಲ್ಲಿ ನೂರು ಆರೋಗ್ಯವಂತ ಭಾರತೀಯರಿಂದ ಮಾದರಿ ರಚಿಸಿದಾಗ ಸರಾಸರಿ ಭಾರತೀಯ ಮಿದುಳಿನ ಉದ್ದ, ಅಗಲ, ಗಾತ್ರ ಪಾಶ್ಚಾತ್ಯ ಮಾದರಿಗಿಂತ ಚಿಕ್ಕದಿತ್ತು. ಬುದ್ಧಿಗೂ ಈ ಗಾತ್ರಕ್ಕೂ ಗಂಟು ಹಾಕಬೇಕಿಲ್ಲ. ತೊಂದರೆ ಇರುವುದು ಬೇರೆ ಕಡೆ: ಪರದೇಶದ ಅಳತೆಯಿಟ್ಟು ನೋಡಿದರೆ ಇಲ್ಲಿನ ಆರೋಗ್ಯವಂತರ ಮಿದುಳು ಸವೆದಂತೆ ಕಂಡೀತು.

ಈ ಕೊರತೆ ತುಂಬುವ ಕೆಲಸ ಕರ್ನಾಟಕದಲ್ಲೇ ನಡೆಯುತ್ತಿದೆ ಎಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ನೆನಪಿನ ಪರೀಕ್ಷೆ, ರಕ್ತ, ವಂಶವಾಹಿ, ಎಂಆರ್‌ಐ ಎಲ್ಲವೂ ಅದರಲ್ಲಿದೆ. ಬೆಂಗಳೂರು ನಗರದವರ ಇನ್ನೊಂದು ಗುಂಪು ಜೊತೆಗಿದೆ. ಓದು ಬರೆಹ ಬಾರದ, ಮೈಮುರಿದು ದುಡಿಯುವ, ಹಳ್ಳಿಯಲ್ಲೇ ಮುಪ್ಪಾಗುವ ಮನುಷ್ಯನ ಮಿದುಳು ಹೇಗೆ ವಯಸ್ಸಾಗುತ್ತದೆ ಎಂಬುದಕ್ಕೆ ಜಗತ್ತಿನ ದೊಡ್ಡ ದತ್ತಾಂಶ ಭಂಡಾರಗಳಲ್ಲಿ ಉತ್ತರ ಸಿಗದು, ಶ್ರೀನಿವಾಸಪುರದಲ್ಲಿ ಸಿಗಬಹುದು. ನಿಮ್ಹಾನ್ಸ್ ಮುಂದಾಳುತನದ ಸಿ-ವೇದಾ ಅಧ್ಯಯನ ಬೆಂಗಳೂರು, ಮೈಸೂರು, ರಿಷಿವ್ಯಾಲಿಯಿಂದ ಚಂಡೀಗಢ, ಇಂಫಾಲದವರೆಗೆ 6ರಿಂದ 23 ವರ್ಷದವರ ಬೆಳವಣಿಗೆಯನ್ನು ನೋಡುತ್ತಿದೆ. ಭಾರತದಲ್ಲಿ 60 ದಾಟಿದ ನೂರರಲ್ಲಿ ಏಳು ಜನಕ್ಕಿಂತ ಹೆಚ್ಚು, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದಾರೆ ಎಂದು 2023ರ ಅಂದಾಜು ಹೇಳುತ್ತದೆ. ಇಂಥ ಅಧ್ಯಯನಗಳಿಗೆ ದುಡ್ಡು ನಡುವೆ ನಿಲ್ಲದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಇವುಗಳ ಫಲ ಸಿಗುವುದು ಹತ್ತು ಇಪ್ಪತ್ತು ವರ್ಷ ಬಿಡದೆ ನಡೆಸಿದಾಗ ಮಾತ್ರ.

ಯಂತ್ರ ಇರುವಲ್ಲಿಗೆ ಜನ ಬರುವುದರ ಬದಲು ಜನರಿರುವಲ್ಲಿಗೆ ಯಂತ್ರ ಹೋಗುವ ದಿನವೂ ದೂರವಿಲ್ಲ. 0.064 ಟೆಸ್ಲಾದ, ಚಕ್ರದ ಮೇಲೆ ತಳ್ಳಿಕೊಂಡು ಹೋಗಬಹುದಾದ, ಮನೆಯ ಪ್ಲಗ್ಗಿಗೇ ಹಾಕಬಹುದಾದ ಎಂಆರ್‌ಐಗೆ ಅಮೆರಿಕದಲ್ಲಿ 2020ರಲ್ಲೇ ಅನುಮತಿ ಸಿಕ್ಕಿದೆ. ಚಿತ್ರದ ಸ್ಪಷ್ಟತೆ 1.5 ಅಥವಾ 3 ಟೆಸ್ಲಾ ಯಂತ್ರದಷ್ಟಿಲ್ಲ. ಆದರೆ ಬಡ ದೇಶಗಳಲ್ಲಿ ಮಕ್ಕಳ ಮಿದುಳಿನ ಬೆಳವಣಿಗೆ ಅಳೆಯಲು ಅದನ್ನು ಬಳಸತೊಡಗಿದ್ದಾರೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ಯಾವ ತೊಂದರೆಯೂ ಇಲ್ಲದ ಮಗುವಿನ ಬುದ್ಧಿ ಅಳೆಯುತ್ತೇವೆ ಎಂದು ಸ್ಕ್ಯಾನ್, ಕೋರ್ಸ್ ಮಾರುವವರಿಗೆ ದುಡ್ಡು ಕೊಡಬೇಡಿ. ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಕಬ್ಬಿಣದ ಮಾತ್ರೆ ತಪ್ಪದಂತೆ ನೋಡಿಕೊಳ್ಳಿ, ಮಗುವಿನೊಂದಿಗೆ ದಿನವೂ ಮಾತಾಡಿ. ನಲವತ್ತು ದಾಟಿದವರು ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿಕೊಳ್ಳಿ; ಮಾತ್ರೆ ಬರೆದಿದ್ದರೆ ‘ಈಗ ಸರಿಯಾಗಿದೆ’ ಎಂದು ನಿಲ್ಲಿಸಬೇಡಿ. ಯಾರದಾದರೂ ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಮನೆಮದ್ದಿಗೆ ಹೊತ್ತು ಕಳೆಯದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಿರಿ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ.